ಸ್ಟಿಕ್ಕರ್ ಓದಿ ಕೊಳ್ಳುವ ರೂಢಿ

ಪಿಯುಸಿ ಮುಗಿಸಿದ ಮಕ್ಕಳು ಕಾಲೇಜು ಸೇರುವ ದಿನಗಳಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಪ್ರಶ್ನೆ ಒಂದೇ: ‘ಐ-5 ಸಾಕಾ, ಐ-7 ಬೇಕಾ?’ ದೊಡ್ಡ ಷೋರೂಮಿಗೆ ಹೋದರೂ ಅಷ್ಟೇ. ಕೀಲಿಮಣೆಯ ಪಕ್ಕದ ಸ್ಟಿಕ್ಕರ್ ಓದಿ, ಬೆಲೆಯಲ್ಲಿ ಒಂದಿಷ್ಟು ಚೌಕಾಶಿ ಮಾಡಿ, ಬ್ಯಾಗು-ಮೌಸು ಫ್ರೀ ಎಂದು ಖಾತ್ರಿಪಡಿಸಿಕೊಂಡರೆ ವ್ಯಾಪಾರ ಮುಗಿಯಿತು. ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಕೂಡಿಟ್ಟ ಹಣ ಹೀಗೆ ಕೈದಾಟುತ್ತದೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ‘ಸ್ಲೋ ಆಗಿದೆ, ಹ್ಯಾಂಗ್ ಆಗ್ತಿದೆ’ ಎಂಬ ದೂರು ಶುರುವಾಗುತ್ತದೆ. ಯಾರೋ ಹೇಳಿದ ಕ್ಲೀನರ್ ತಂತ್ರಾಂಶ ಬರುತ್ತದೆ. ಅದರಿಂದಲೂ ಆಗದಿದ್ದರೆ ‘ಫಾರ್ಮ್ಯಾಟ್’ ಮಾಡಿಸುತ್ತಾರೆ. ಕೊಳ್ಳುವ ಈ ರೂಢಿಯನ್ನೂ ಕಾಪಾಡುವ ಈ ರೂಢಿಯನ್ನೂ ಜೊತೆಯಲ್ಲಿಟ್ಟು ನೋಡಬೇಕು. ಒಳಗೆ ಏನಿದೆ ಎಂದು ಕೇಳದೆ ಕೊಂಡವರು, ಒಳಗೆ ಏನು ಸೇರಿಕೊಂಡಿದೆ ಎಂದು ನೋಡದೆ ಶುಚಿ ಮಾಡಲು ಹೊರಡುತ್ತಾರೆ. ಎರಡರ ಬೇರೂ ಒಂದೇ.

ಮೊದಲು ಸ್ಟಿಕ್ಕರಿನ ವಿಚಾರ. ಇಂಟೆಲ್‌ನ 3, 5, 7 ಎಂಬ ಅಂಕಿಗಳು ಒಂದೇ ಪೀಳಿಗೆಯ ಚಿಪ್‌ಗಳ ನಡುವಿನ ದರ್ಜೆಯನ್ನು ಹೇಳುತ್ತವೆ. ಪೀಳಿಗೆ ಬದಲಾದರೆ ಲೆಕ್ಕವೂ ಬದಲು. 2016ರ ಕೋರ್ ಐ7-7500ಯು ಚಿಪ್‌ನಲ್ಲಿ ಇದ್ದದ್ದು ಎರಡೇ ಕೋರ್. ಮರುವರ್ಷ ಬಂದ ಐ5-8250ಯು ನಾಲ್ಕು ಕೋರ್ ಕೊಟ್ಟಿತು. ಅಂತರ ಅಲ್ಲಿಗೇ ನಿಲ್ಲಲಿಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಕೊಟ್ಟದ್ದು, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚಿನ ಚಿಪ್‌ಗಳಿಗೆ ಮಾತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹೀಗಾಗಿ ಹೆಚ್ಚು ಹಣ ತೆತ್ತು ಐ7-7500ಯು ತಂದವರು ವಿಂಡೋಸ್ 11ರ ಬೆಂಬಲದ ಪಟ್ಟಿಯ ಹೊರಗೆ ಉಳಿದರು, ಐ3-8130ಯು ತಂದವರು ಒಳಗೆ ಬಂದರು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಅಂಗಡಿಯಲ್ಲೇ ಹೇಳಬೇಕು. ‘ಐ-7’ ಎಂಬ ಎರಡಕ್ಷರ ಅದನ್ನು ಹೇಳುವುದಿಲ್ಲ.

ಎಎಂಡಿ ಚಿಪ್‌ಗಳಲ್ಲಿ ಗೊಂದಲ ಇನ್ನೂ ಆಳ. ಲ್ಯಾಪ್‌ಟಾಪ್‌ಗಳ ರೈಜೆನ್ 7000 ಸರಣಿಯಲ್ಲಿ ಮೊದಲ ಅಂಕಿ ಮಾರುಕಟ್ಟೆಯ ವರ್ಷವನ್ನು ಸೂಚಿಸುತ್ತದೆ. ಒಳಗಿನ ವಿನ್ಯಾಸ ಯಾವ ಕಾಲದ್ದೆಂದು ಹೇಳುವುದು ಮೂರನೆಯ ಅಂಕಿ. ರೈಜೆನ್ 5 7520ಯು ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ. 7540ಯು ಒಳಗಿರುವುದು ಎರಡು ಪೀಳಿಗೆ ಮುಂದಿನ ಝೆನ್ 4. ಸ್ಟಿಕ್ಕರಿನ ಮೇಲೆ ಎರಡೂ ‘ರೈಜೆನ್ 5’. ಕಂಪನಿ ಈ ಲೆಕ್ಕವನ್ನು ಬಚ್ಚಿಡಲಿಲ್ಲ, ತಾನೇ ಪ್ರಕಟಿಸಿತು, ಅದನ್ನು ಒಪ್ಪಬೇಕು. ಆದರೂ ಬಿಡಿಸಲು ಕೈಪಿಡಿ ಬೇಕಾದ ಹೆಸರು ಗ್ರಾಹಕನಿಗೆ ನ್ಯಾಯವಲ್ಲ.

ಹೆಸರಿನ ಹಿಂದೆ ಬಿದ್ದಾಗ ಕೇಳದೆ ಉಳಿಯುವ ಪ್ರಶ್ನೆಗಳೇ ಲ್ಯಾಪ್‌ಟಾಪಿನ ಆಯಸ್ಸನ್ನು ತೀರ್ಮಾನಿಸುತ್ತವೆ. ರ್‍ಯಾಮ್‌ಗೆ ಸ್ಲಾಟ್ ಇದೆಯೇ, ಬೋರ್ಡಿಗೇ ಬೆಸುಗೆ ಹಾಕಿದ್ದಾರೆಯೇ? ಮೇಲೆ ಹೇಳಿದ 7520ಯು ಚಿಪ್ ಕೆಲಸ ಮಾಡುವುದೇ ಬೆಸುಗೆಯ ರ್‍ಯಾಮ್ ಜೊತೆ. ಅದರಲ್ಲಿ 8 ಜಿಬಿ ಇದ್ದರೆ ಕೊನೆಯವರೆಗೂ 8 ಜಿಬಿಯೇ. ಬೆಸುಗೆಗೂ ಅದರದೇ ಕಾರಣಗಳಿವೆ: ಆ ಬಗೆಯ ರ್‍ಯಾಮ್ ಕಡಿಮೆ ವಿದ್ಯುತ್ ಬಳಸುತ್ತದೆ, ಲ್ಯಾಪ್‌ಟಾಪ್ ತೆಳುವಾಗುತ್ತದೆ. ಬೆಸುಗೆಯದನ್ನೇ ಕೊಳ್ಳುವುದಾದರೆ ಮೊದಲ ದಿನವೇ 16 ಜಿಬಿ ಇರುವುದನ್ನು ಆರಿಸಬೇಕು. ಮೈಕ್ರೋಸಾಫ್ಟ್ 2024ರಲ್ಲಿ ‘ಕೋಪೈಲಟ್ ಪ್ಲಸ್’ ಎಂಬ ಎಐ ಲ್ಯಾಪ್‌ಟಾಪ್‌ಗಳಿಗೆ 16 ಜಿಬಿಯನ್ನೇ ಕನಿಷ್ಠವೆಂದು ಇಟ್ಟಿತು. ಮುಂದಿನ ತಂತ್ರಾಂಶಗಳ ಹಸಿವು ಎಷ್ಟಿರಲಿದೆ ಎಂಬುದಕ್ಕೆ ಇದೇ ಸೂಚನೆ.

ಎಸ್‌ಎಸ್‌ಡಿಯನ್ನು ಮುಂದೆ ಬದಲಿಸಬಹುದೇ, ಎರಡನೆಯದಕ್ಕೆ ಜಾಗವಿದೆಯೇ ಎಂದು ಕೇಳಬೇಕು. ಪರದೆಯನ್ನು ಕೇಳುವವರಂತೂ ಅಪರೂಪ. ಅಗ್ಗದ ಲ್ಯಾಪ್‌ಟಾಪ್‌ಗಳ ಎಷ್ಟೋ ಪರದೆಗಳು ಬಣ್ಣದ ವ್ಯಾಪ್ತಿ ಎನ್‌ಟಿಎಸ್‌ಸಿ ಶೇ 45, ಬೆಳಕು 250 ನಿಟ್ಸ್ ಎಂಬಲ್ಲಿಗೆ ನಿಲ್ಲುತ್ತವೆ: ಬಣ್ಣ ಪೇಲವ, ಕಿಟಕಿಯ ಬಳಿ ಕುಳಿತರೆ ಅಕ್ಷರ ಮಂಕು. ದಿನವಿಡೀ ಕಣ್ಣಿಟ್ಟು ನೋಡುವ ಭಾಗಕ್ಕೆ ಅಂಗಡಿಯ ಚೀಟಿಯಲ್ಲಿ ಒಂದು ಸಾಲಿನ ಜಾಗವೂ ಇರುವುದಿಲ್ಲ.

ಇನ್ನು ಶುಚಿಯ ವಿಚಾರ. ಹೊಸ ಲ್ಯಾಪ್‌ಟಾಪ್ ಶುಚಿಯಾಗಿಯೇ ಬರುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಪ್ರಾಯೋಗಿಕ ಅವಧಿಯ ಆಂಟಿವೈರಸ್, ಆಟಗಳು, ತಯಾರಕರದೇ ನಾಲ್ಕಾರು ತಂತ್ರಾಂಶಗಳು ಅದರಲ್ಲಿ ಮೊದಲೇ ಕುಳಿತಿರುತ್ತವೆ. ಇದು ಬರೀ ಜಾಗ ತಿನ್ನುವ ಪ್ರಶ್ನೆಯಲ್ಲ. ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೇರಿಸಿ ಮಾರಿದ್ದ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶದ ಸಂಗತಿ 2015ರ ಫೆಬ್ರುವರಿಯಲ್ಲಿ ಬಯಲಾಯಿತು. ಅದು ತನ್ನದೇ ಪ್ರಮಾಣಪತ್ರವನ್ನು ಯಂತ್ರದಲ್ಲಿ ನೆಟ್ಟು, ಸುರಕ್ಷಿತ ಸಂಪರ್ಕದ ನಡುವೆಯೇ ನುಸುಳಿ ಜಾಹೀರಾತು ತೋರಿಸುತ್ತಿತ್ತು. ಎಲ್ಲ ಯಂತ್ರಗಳಲ್ಲೂ ಇದ್ದದ್ದು ಒಂದೇ ಗುಟ್ಟಿನ ಕೀಲಿಯಾದ್ದರಿಂದ, ಅದು ಸಿಕ್ಕವರು ಬಳಕೆದಾರರ ಬ್ಯಾಂಕ್ ವ್ಯವಹಾರವನ್ನೂ ಕದ್ದು ನೋಡಬಹುದಿತ್ತು. ಕೊಂಡವರು ಕೇಳದೇ ಬಂದದ್ದು ಕೊಂಡವರಿಗೇ ಮುಳುವಾಗುವುದು ಹೀಗೆ.

ನಿಧಾನವಾದ ಯಂತ್ರಕ್ಕೆ ಇನ್ನೊಂದು ತಂತ್ರಾಂಶ ಹಾಕುವುದೇ ಮದ್ದು ಎಂಬ ನಂಬಿಕೆ, ಹೊಸದು ಶುಚಿ ಎಂಬ ನಂಬಿಕೆಗಿಂತ ಹಳೆಯದು, ಅದಕ್ಕಿಂತ ಗಟ್ಟಿಯಾದದ್ದು. ವಿಂಡೋಸಿನ ಸೆಟ್ಟಿಂಗ್ ದಾಖಲೆಯಾದ ರಿಜಿಸ್ಟ್ರಿಯನ್ನು ಶುಚಿ ಮಾಡುವ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ಅವು ತೆಗೆದುಹಾಕುವ ನಮೂದುಗಳಿಂದ ವೇಗ ಹೆಚ್ಚುವುದು ಕಣ್ಣಿಗೆ ಕಾಣದಷ್ಟು. ತಪ್ಪಾದದ್ದನ್ನು ತೆಗೆದರೆ ವಿಂಡೋಸ್ ಏಳದೇ ಹೋಗಬಹುದು. ಹೆಸರುವಾಸಿಯಾದ ಸಿಸಿಕ್ಲೀನರ್ ಕೂಡ ದಾಳಿಕೋರರ ದಾರಿಯಾದದ್ದು 2017ರಲ್ಲಿ. ಅದರ 5.33ನೇ ಆವೃತ್ತಿಯೊಳಕ್ಕೆ ದಾಳಿಕೋರರು ತಮ್ಮ ಕೋಡ್ ಸೇರಿಸಿದ್ದರು. ಆ ಆವೃತ್ತಿ ಸುಮಾರು 22.7 ಲಕ್ಷ ಯಂತ್ರಗಳನ್ನು ತಲುಪಿತ್ತು, ಅದೂ ತಯಾರಕರ ಅಧಿಕೃತ ಡೌನ್‌ಲೋಡ್ ಮೂಲಕವೇ. ಶುಚಿಗೆಂದು ತಂದದ್ದರಲ್ಲೇ ಕೊಳೆ ಬಂತು. ‘ಕ್ರ್ಯಾಕ್’ ಮಾಡಿದ ವಿಂಡೋಸ್ ಹಾಕಿಸಿಕೊಳ್ಳುವವರು ಇದೇ ಅಪಾಯವನ್ನು ತಾವಾಗಿಯೇ ಕರೆದು ಕೂರಿಸಿಕೊಳ್ಳುತ್ತಾರೆ: ಕ್ರ್ಯಾಕ್ ಓಡಿಸಲು ಮೊದಲು ಆಂಟಿವೈರಸ್ ಆಫ್ ಮಾಡಬೇಕು ಎಂಬ ಸಲಹೆಯಲ್ಲೇ ಎಲ್ಲವೂ ಅಡಗಿದೆ.

ಇದಕ್ಕೆ ಬದಲು ನಿಜವಾಗಿ ಫಲ ಕೊಡುವ ಕೆಲಸಗಳಿಗೆ ದುಡ್ಡೂ ಬೇಡ, ಹೊಸ ತಂತ್ರಾಂಶವೂ ಬೇಡ. ಬಳಸದ ತಂತ್ರಾಂಶಗಳನ್ನು ಅನ್‌ಇನ್‌ಸ್ಟಾಲ್ ಮಾಡುವುದು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ, ಯಂತ್ರ ಏಳುವಾಗಲೇ ತಾವೂ ಏಳುವವುಗಳನ್ನು ನಿಲ್ಲಿಸುವುದು. ಬ್ರೌಸರಿನಲ್ಲಿ ಕೂಡಿಕೊಂಡ ಎಕ್ಸ್‌ಟೆನ್ಷನ್‌ಗಳನ್ನು ಕಿತ್ತುಹಾಕುವುದು. ತಾತ್ಕಾಲಿಕ ಕಡತಗಳಿಗೆ ವಿಂಡೋಸಿನ ಸ್ಟೋರೇಜ್ ಸೆನ್ಸ್ ಸಾಕು, ವೈರಸ್ಸಿಗೆ ಮನೆಬಳಕೆಯ ಮಟ್ಟಿಗೆ ಅದರದೇ ಡಿಫೆಂಡರ್ ಸಾಕು. ಹಳೆಯ ಹಾರ್ಡ್ ಡಿಸ್ಕಿನ ಕಾಲದ ಡೀಫ್ರಾಗ್ ಎಸ್‌ಎಸ್‌ಡಿಗೆ ಬೇಕಿಲ್ಲ. ಅದಕ್ಕೆ ಬೇಕಾದ ‘ಟ್ರಿಮ್’, ಅಂದರೆ ಅಳಿಸಿದ ಕಡತಗಳ ಜಾಗ ತೆರವು ಮಾಡುವ ಕೆಲಸವನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಎಸ್‌ಎಸ್‌ಡಿ ತುಂಬಿ ತುಳುಕದಂತೆ ಜಾಗ ಬಿಟ್ಟರಾಯಿತು. ಯಾವಾಗಲೂ ಚಾರ್ಜರಿಗೆ ಹಾಕಿಟ್ಟು ಬಳಸುವವರು, ಸೌಲಭ್ಯವಿದ್ದರೆ, ಚಾರ್ಜ್ ಶೇ 80ಕ್ಕೆ ನಿಲ್ಲುವಂತೆ ಮಾಡಿಕೊಂಡರೆ ಬ್ಯಾಟರಿ ಬಾಳುತ್ತದೆ.

ಒಂದು ಕೊಳೆ ಮಾತ್ರ ಕಣ್ಣಿಗೆ ಕಾಣುವಂಥದ್ದು, ಅದನ್ನೇ ಎಲ್ಲರೂ ಮರೆಯುತ್ತಾರೆ. ಫ್ಯಾನಿನ ದಾರಿಯಲ್ಲಿ ದೂಳು ಕಟ್ಟಿಕೊಂಡರೆ ಶಾಖ ಹೊರಹೋಗದು. ಶಾಖ ಏರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟು ಬಳಸಿದರೂ ಆಗುವುದು ಇದೇ. ‘ವಿಂಡೋಸ್ ಸ್ಲೋ’ ಎಂದು ಫಾರ್ಮ್ಯಾಟಿಗೆ ಬಂದ ಯಂತ್ರಕ್ಕೆ ಎಷ್ಟೋ ಸಲ ಬೇಕಿರುವುದು ಒಂದು ಸಣ್ಣ ಬ್ರಷ್ ಮತ್ತು ಹೊಸ ಥರ್ಮಲ್ ಪೇಸ್ಟ್. ಎಸ್‌.ಪಿ. ರಸ್ತೆಯ ಮೆಕ್ಯಾನಿಕ್‌ಗಳ ಬೆಲೆ ತಿಳಿಯುವುದು ಇಂಥಲ್ಲಿ. ತೆರೆದು ನೋಡಬಲ್ಲ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ತೆರೆಯಲು ಬರುವ ಯಂತ್ರಗಳೇ ಕಡಿಮೆಯಾಗುತ್ತಿವೆ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಲ್ಯಾಪ್‌ಟಾಪನ್ನು ಅಳೆಯಬೇಕಾದದ್ದು ಕೊಂಡ ದಿನದ ವೇಗದಿಂದಲ್ಲ, ಐದನೇ ವರ್ಷದಲ್ಲಿ ಅದನ್ನು ರಿಪೇರಿ ಮಾಡಿಸಲು ಸಾಧ್ಯವೇ ಎಂಬುದರಿಂದ. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್‌ಗಳಿಗೆ, ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಬೆಲೆಯ ಪಕ್ಕದಲ್ಲೇ ತೋರಿಸುವುದನ್ನು ಕಡ್ಡಾಯ ಮಾಡಿತು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯ ಹೆಜ್ಜೆ, ಆದರೆ ಅಂಗಡಿಯ ಚೀಟಿಯ ಮೇಲೂ ಅಂಥ ಅಂಕ ಬರಬೇಕು. ಅದು ಬರುವ ತನಕ ಗಿರಾಕಿಯೇ ಬಾಯಿಬಿಟ್ಟು ಕೇಳಬೇಕು: ಪ್ರೊಸೆಸರಿನ ಪೂರ್ತಿ ನಂಬರ್ ಏನು, ರ್‍ಯಾಮ್ ಸ್ಲಾಟ್ ಎಷ್ಟು, ಎಸ್‌ಎಸ್‌ಡಿ ಬದಲಿಸಬಹುದೇ, ಪರದೆ ಯಾವುದು, ನಮ್ಮೂರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ? ನೂರು ಜನ ಕೇಳಿದ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಳ್ಳದ ಅಂಗಡಿ ಯಾವ ರಸ್ತೆಯಲ್ಲೂ ಉಳಿಯುವುದಿಲ್ಲ.