ಶವಾಸನಕ್ಕೆ ಯಾವ ರಾಗ?

ಮೈಸೂರಿನ ಗೋಕುಲಂನಲ್ಲಿ ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆಗೆ ಅಮೆರಿಕ, ಯುರೋಪಿನಿಂದ ಬಂದವರ ಕಿವಿಗೆ ಬೀಳುತ್ತಿದ್ದುದು ಇಷ್ಟೇ: ಮೊದಲಿಗೆ ಶ್ಲೋಕ, ಆಮೇಲೆ ‘ಏಕಂ, ದ್ವೇ, ತ್ರೀಣಿ’ ಎಂಬ ಎಣಿಕೆ, ನಡುನಡುವೆ ಉಜ್ಜಾಯಿ ಉಸಿರಿನ ಸದ್ದು. ಕೋಲಾರ ಸೀಮೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರರು 1952ರಲ್ಲಿ ಯೋಗ ಹೇಳಿಕೊಟ್ಟದ್ದು ಜಗತ್ಪ್ರಸಿದ್ಧ ಪಿಟೀಲು ವಾದಕ ಯೆಹೂದಿ ಮೆನುಹಿನ್‌ಗೆ. ಆದರೂ ಅಯ್ಯಂಗಾರ್ ಪದ್ಧತಿಯ ತರಗತಿಯಲ್ಲಿ ಸಂಗೀತಕ್ಕೆ ಸಾಮಾನ್ಯವಾಗಿ ಜಾಗವಿಲ್ಲ.

ಬಾಗಿಲು ತೆರೆದದ್ದು ಹೊರನಾಡಿನಲ್ಲಿ. 1984ರಲ್ಲಿ ನ್ಯೂಯಾರ್ಕಿನಲ್ಲಿ ಜೀವಮುಕ್ತಿ ಯೋಗವನ್ನು ಆರಂಭಿಸಿದ ಶರನ್ ಗ್ಯಾನನ್ ಮತ್ತು ಡೇವಿಡ್ ಲೈಫ್ ಜೋಡಿ ತಮ್ಮ ಐದು ಮೂಲತತ್ತ್ವಗಳಲ್ಲಿ ನಾದವನ್ನೂ ಒಂದಾಗಿಸಿಕೊಂಡಿತು. 1998ರಲ್ಲಿ ಮಡೋನಾ, ಅಷ್ಟಾಂಗದವರು ಅಭ್ಯಾಸಕ್ಕೆ ಮೊದಲು ಹೇಳುವ ‘ಯೋಗತಾರಾವಳಿ’ಯ ಶ್ಲೋಕವನ್ನೇ ಎಲೆಕ್ಟ್ರಾನಿಕ್ ಬೀಟಿನ ಮೇಲೆ ಹಾಡಿದಳು. ಈಗಂತೂ ಯೋಗಶಿಕ್ಷಕರ ಮೊಬೈಲಿನಲ್ಲಿ ಆಸನಗಳ ಪಟ್ಟಿಯ ಪಕ್ಕದಲ್ಲೇ ಹಾಡುಗಳ ಪಟ್ಟಿ.

ಆ ಪಟ್ಟಿಗಳಲ್ಲಿ ಹೆಚ್ಚಿನವು ಕೆಡುವುದು ಸಾಹಿತ್ಯದಿಂದ. ಅರ್ಥವಾಗುವ ಮಾತು ಕಿವಿಗೆ ಬಿದ್ದರೆ ಮನಸ್ಸು ಉಸಿರನ್ನು ಬಿಟ್ಟು ಅದರ ಹಿಂದೆ ಹೋಗುತ್ತದೆ. ಸಂಸ್ಕೃತ ಮಂತ್ರ ಬರ್ಲಿನ್ನಿನವರಿಗೆ ಬರಿಯ ನಾದವಾಗಬಹುದು, ಬಸವನಗುಡಿಯವರಿಗೆ ಆಗದು. ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ ಕೇಳಿದರೆ ಇಲ್ಲಿ ನೆನಪಾಗುವುದು ಫಿಲ್ಟರ್ ಕಾಫಿ. ದೇವರನ್ನೇ ಎಬ್ಬಿಸುವ ಆ ಹಾಡನ್ನು ಹಾಕಿ, ಮಲಗಿದವರಿಗೆ ‘ಮೈ ಸಡಿಲ ಬಿಡಿ’ ಎನ್ನುವುದು ತಮಾಷೆಯೇ ಸರಿ.

ಲಯದ ಮಾತಿಗೆ ಬಂದರೆ ಕರ್ನಾಟಕ ಸಂಗೀತದ ಆದಿತಾಳ ಇದಕ್ಕೆಂದೇ ಹುಟ್ಟಿದಂತಿದೆ. ನಾಲ್ಕಕ್ಷರದ ಲಘುವಿಗೆ ಉಸಿರು ಒಳಗೆ, ಎರಡು ದ್ರುತಗಳಿಗೆ ಉಸಿರು ಹೊರಗೆ. ಅಕ್ಷರಕ್ಕೊಂದು ಸೆಕೆಂಡಿನಂತೆ ನಡೆದರೆ ಆವರ್ತಕ್ಕೆ 8 ಸೆಕೆಂಡು, ಸೂರ್ಯನಮಸ್ಕಾರಕ್ಕೆ ಹದವಾದ ಗತಿ. ಮಿಶ್ರಛಾಪು ಕೇಳಲು ಎಷ್ಟೇ ಸೊಗಸಾಗಿರಲಿ, ಅದರ ಏಳಕ್ಷರಗಳನ್ನು ಉಸಿರು ಸಮನಾಗಿ ಹಂಚಿಕೊಳ್ಳಲಾರದು.

ಶ್ರುತಿಯನ್ನಂತೂ ಯಾರೂ ಗಮನಿಸುವುದಿಲ್ಲ. ಆ್ಯಪಿನಲ್ಲಿ ಕ್ರಾಸ್‌ಫೇಡ್ ಹಾಕಿದೊಡನೆ ಒಂದು ಹಾಡಿನ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಮೊದಲನೆಯದು ಒಂದೂವರೆ ಮನೆ ಶ್ರುತಿ, ಮುಂದಿನದು ಎರಡು ಮನೆಯಾದರೆ ಆ ಕೆಲವು ಸೆಕೆಂಡು ಶುದ್ಧ ಅಪಸ್ವರ, ಅದೂ ವೃಕ್ಷಾಸನದಲ್ಲಿ ಒಂಟಿ ಕಾಲಿನ ಮೇಲೆ ನಿಂತವರಿಗೆ! ಒಂದೇ ಶ್ರುತಿಯ ತುಣುಕುಗಳನ್ನು ಆಯ್ದುಕೊಂಡರೆ ಈ ಕಾಟವಿಲ್ಲ.

ಕೊನೆಯ ಹತ್ತು ನಿಮಿಷದಲ್ಲೇ ಪ್ಲೇಲಿಸ್ಟಿನ ನಿಜವಾದ ಪರೀಕ್ಷೆ. 15ನೇ ಶತಮಾನದ ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ ಇಲ್ಲಿ ನೆರವಿಗೆ ಬರುತ್ತದೆ. ನಾದಾನುಸಂಧಾನದಲ್ಲಿ ಒಳಗಿವಿಗೆ ಕೇಳುವ ಸದ್ದುಗಳನ್ನು ಅವನು ಕ್ರಮವಾಗಿ ಹೇಳಿದ್ದಾನೆ: ಆರಂಭದಲ್ಲಿ ಕಡಲು, ಮೋಡ, ಭೇರಿ, ನಡುವೆ ಮದ್ದಳೆ, ಶಂಖ, ಗಂಟೆ, ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿ. ಅವನು ಹೇಳಿದ್ದು ಹೊರಗಿನ ವಾದ್ಯಗಳ ಮಾತಲ್ಲ, ನಿಜ. ಆದರೂ ದಪ್ಪ ನಾದದಿಂದ ಸಣ್ಣ ನಾದಕ್ಕಿಳಿಯುವ ಆ ದಾರಿ ಇಂದಿನ ಒಂದು ಗಂಟೆಯ ತರಗತಿಗೂ ಒಪ್ಪುತ್ತದೆ. ಸಿತಾರಿನ ಆಲಾಪ, ಜೋಡ್, ಝಾಲಾ ಪೂರ್ತಿ ಹಾಕಿದರೆ ಆಗುವುದು ಇದಕ್ಕೆ ತದ್ವಿರುದ್ಧ: ಜನ ಮಲಗುವ ಹೊತ್ತಿಗೆ ಝಾಲಾ ಎದ್ದು ಕುಣಿಯುತ್ತದೆ. ಆಲಾಪ ಮಾತ್ರ ಸಾಕು. ಬೆಳಗಿನ ತರಗತಿಗೆ ಅಹಿರ್ ಭೈರವ್, ಸಂಜೆಗೆ ಯಮನ್. ಜಿಯಾ ಮೊಹಿಯುದ್ದೀನ್ ಡಾಗರರ ರುದ್ರವೀಣೆ ಸಿಕ್ಕರೆ ಬೇರೆ ಹುಡುಕಬೇಕಿಲ್ಲ.

ಅದನ್ನೂ ಶವಾಸನ ಮುಗಿಯುವ ಮೊದಲೇ ನಿಲ್ಲಿಸಬೇಕು. ಇಟಲಿಯ ಹೃದ್ರೋಗತಜ್ಞ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಮಂದಿಗೆ ಆರು ಬಗೆಯ ಸಂಗೀತ ಕೇಳಿಸಿದ್ದರು. ಗತಿ ಏರಿದಂತೆ ಉಸಿರು, ರಕ್ತದೊತ್ತಡ, ನಾಡಿಬಡಿತ ಏರಿದವು. ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ ನಾಡಿ ಮತ್ತು ರಕ್ತದೊತ್ತಡ ಆರಂಭದ ಮಟ್ಟಕ್ಕಿಂತಲೂ ಕೆಳಗಿಳಿದವು.

ಇನ್ನು ಕಾನೂನು. ಸ್ಪಾಟಿಫೈನಂಥ ಚಂದಾ ಸ್ವಂತ ಬಳಕೆಗೆ ಮಾತ್ರ; ಶುಲ್ಕ ಪಡೆಯುವ ತರಗತಿಯಲ್ಲಿ ಧ್ವನಿಮುದ್ರಿಕೆ ಹಾಕಲು ಬೇರೆ ಪರವಾನಗಿ ಬೇಕು. ಉಚಿತ ಖಾತೆಯಾದರೆ ಧ್ಯಾನದ ನಡುವೆ ಜಾಹೀರಾತು ಬೇರೆ. ಈ ತಾಪತ್ರಯವೇ ಬೇಡ ಎನ್ನುವ ಶಿಕ್ಷಕರು ಸಂಗೀತ ಕಲಿಯುವ ಮಕ್ಕಳ ಮನೆಯಲ್ಲಿರುವಂಥ ಎಲೆಕ್ಟ್ರಾನಿಕ್ ತಂಬೂರಿಯೊಂದನ್ನು ಕೊಂಡು, ಪಂಚಮಕ್ಕೆ ಹೊಂದಿಸಿ ಮೂಲೆಯಲ್ಲಿಟ್ಟರೆ ಇಡೀ ತರಗತಿ ಸಾಗುತ್ತದೆ.