ಕೆರೆಗೋಡಿನ ಕಸುವು

ಗುಬ್ಬಿ ಸೀಮೆಯ ನಿಟ್ಟೂರು ಸುತ್ತಲಿನ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಹೆಚ್ಚು ದಿನ ನಿಲ್ಲುವುದಿಲ್ಲ. ಇದಕ್ಕೆ ಇಲ್ಲಿನ ರೈತರು ಕಂಡುಕೊಂಡ ಮದ್ದು ಕೆರೆಗೋಡು, ಅಂದರೆ ಕೆರೆಯ ತಳದ ಹೂಳುಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ತೆಗೆದು ತೆಂಗು, ಅಡಿಕೆ ತೋಟಗಳಿಗೆ ಹರಡುತ್ತಾರೆ.

ಮಳೆನೀರು ಹೊಲಗಳಿಂದ ಕೊಚ್ಚಿ ತಂದ ಜೇಡಿ ಮತ್ತು ಸಾವಯವ ಅಂಶವೇ ಗೋಡಿನ ಸತ್ವ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಅದರ ಮೈಮೇಲಿನ ಋಣ ವಿದ್ಯುದಂಶ ಪೊಟ್ಯಾಷಿಯಂ, ಕ್ಯಾಲ್ಸಿಯಂಗಳನ್ನು ಸೆಳೆದಿಟ್ಟುಕೊಂಡು ಬೇರಿಗೆ ಒದಗಿಸುತ್ತದೆ, ತೇವವೂ ಉಳಿಯುತ್ತದೆ.

ಗೋಡನ್ನೂ ತೋಟದ ಮಣ್ಣನ್ನೂ ಪರೀಕ್ಷೆ ಮಾಡಿಸಿದರೆ ಎಷ್ಟು ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ. ಮಣ್ಣುವಿಜ್ಞಾನ ವಿವರಿಸುವುದನ್ನು ನಮ್ಮ ಹಿರಿಯರು ಕೈಯಲ್ಲಿ ಹಿಡಿದೇ ಅರಿತಿದ್ದರು. ತೋಟಕ್ಕೆ ಕಸುವು, ಕೆರೆಗೆ ಆಳ: ಒಂದೇ ದುಡಿಮೆ ಎರಡನ್ನೂ ಕಾಯುವ ಈ ಪದ್ಧತಿ ಊರೂರಲ್ಲೂ ಮುಂದುವರಿಯಬೇಕು.