ನಟ ಚೆರ್ಕಾಸೊವ್: ಒಂದು ವಿವೇಚನೆ

1942ರಲ್ಲಿ, ಮಹಾಯುದ್ಧದ ನಡುವೆ, ಸೋವಿಯತ್ ಸರಕಾರವು ತನ್ನ ಸೇನಾಧಿಕಾರಿಗಳಿಗಾಗಿ ಅಲೆಕ್ಸಾಂಡರ್ ನೆವ್‌ಸ್ಕಿಯ ಹೆಸರಿನಲ್ಲಿ ಒಂದು ಪದಕವನ್ನು ಸ್ಥಾಪಿಸಿತು. ಹದಿಮೂರನೆಯ ಶತಮಾನದ ಆ ರಾಜನ ನಂಬತಕ್ಕ ಭಾವಚಿತ್ರವೊಂದೂ ಉಳಿದಿರಲಿಲ್ಲ. ಆದಕಾರಣ ಐಸೆನ್‌ಸ್ಟೈನನ 1938ರ ಚಿತ್ರದಲ್ಲಿ ಆ ಪಾತ್ರವನ್ನು ವಹಿಸಿದ್ದ ನಿಕೊಲಾಯ್ ಚೆರ್ಕಾಸೊವನ ಮುಖವನ್ನೇ ಪದಕಕ್ಕೆ ಮಾದರಿಯಾಗಿ ತೆಗೆದುಕೊಂಡರು. ನೋಟು, ನಾಣ್ಯಗಳ ಮೇಲಿನ ಮುಖಗಳನ್ನು ದಿನವೂ ಕಾಣುವ ವೃತ್ತಿ ನನ್ನದು. ನಟನ ಮುಖವು ರಾಜಮುದ್ರೆಯಾಗುವುದು ಅಪರೂಪವೆಂದು ಬಲ್ಲೆ. ಆದರೆ ಈ ಗೌರವವೇ ಅವನ ಕಲೆಯ ನಿಜಸ್ವರೂಪವನ್ನು ಮರೆಸಿತೆಂದು ನನ್ನ ಅಭಿಪ್ರಾಯ.

1903ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಚೆರ್ಕಾಸೊವನಿಗೆ ಪ್ರಕೃತಿ ಕೊಟ್ಟದ್ದು ವೀರನ ಮೈಯಲ್ಲ, ವಿದೂಷಕನ ಮೈ. ನೀಳವಾದ ಕೃಶ ಶರೀರ, ಎತ್ತ ಬೇಕಾದರೂ ಬಾಗುವ ಕೈಕಾಲು. ಮೂಕಚಿತ್ರಗಳ ಹಾಸ್ಯಜೋಡಿಯಲ್ಲಿ ಉದ್ದನೆಯವನಾದ ಪ್ಯಾಟ್‌ನನ್ನು ಅಣಕಿಸಿ ಕುಣಿದು ಅವನು ಮೊದಲು ಹೆಸರು ಪಡೆದನು. 1937ರ ‘ಬಾಲ್ಟಿಕ್ ಪ್ರತಿನಿಧಿ’ಯಲ್ಲಿ ಎಪ್ಪತ್ತೈದರ ಪ್ರಾಧ್ಯಾಪಕ ಪೊಲೆಝಾಯೆವ್ ಆಗಿ ನಿಂತಾಗ ಅವನಿಗಿನ್ನೂ ಮೂವತ್ತನಾಲ್ಕು ತುಂಬಿರಲಿಲ್ಲ. ಅದೇ ವರ್ಷ ‘ಮೊದಲನೆಯ ಪೀಟರ್’ ಚಿತ್ರದಲ್ಲಿ ಅಂಜುಬುರುಕ ರಾಜಪುತ್ರ ಅಲೆಕ್ಸೇಯ್. ಇವೆಲ್ಲವೂ ಮೈಯಿಂದ ಹುಟ್ಟಿದ ಪಾತ್ರಗಳು. ನೆವ್‌ಸ್ಕಿಯಲ್ಲಾದರೋ ಆ ಮೈ ಶಿಲಾಮೂರ್ತಿಯಾಯಿತು. ಮೂರ್ತಿ ಭವ್ಯವಾಗಿದೆ, ನಿಜ. ಅಭಿನಯಕ್ಕೆ ಅಲ್ಲಿ ಎಡೆಯೆಲ್ಲಿ?

‘ಭಯಂಕರ ಇವಾನ್’ ಚಿತ್ರದಲ್ಲಿ ಮೈಗೆ ಮತ್ತೆ ಜೀವ ಬಂದಿತು. ಮೊದಲ ಭಾಗಕ್ಕೆ 1946ರಲ್ಲಿ ಸ್ಟಾಲಿನ್ ಬಹುಮಾನ. ಎರಡನೆಯದಕ್ಕೆ ಅದೇ ವರ್ಷ ನಿಷೇಧ. 1947ರ ಫೆಬ್ರವರಿಯ ಒಂದು ರಾತ್ರಿ ನಿರ್ದೇಶಕನನ್ನೂ ನಟನನ್ನೂ ಕ್ರೆಮ್ಲಿನ್ನಿಗೆ ಕರೆಸಿಕೊಂಡರು. ಇವಾನನು ಹ್ಯಾಮ್ಲೆಟ್‌ನಂತೆ ಚಂಚಲಚಿತ್ತನಾಗಿ ಕಾಣುತ್ತಾನೆಂದು ಸ್ಟಾಲಿನ್ ಆಕ್ಷೇಪಿಸಿದನು. ಗಡ್ಡದ ಉದ್ದವೂ ಅಲ್ಲಿ ಚರ್ಚೆಗೆ ಬಂದಿತು! ತಿದ್ದುಪಡಿ ಸಫಲವಾಗುವುದೆಂದು ಚೆರ್ಕಾಸೊವನು ಭರವಸೆಯಿತ್ತನು. ಅವನನ್ನು ಅಂಜುಬುರುಕನೆನ್ನಲು ನನಗೆ ಮನಸ್ಸಿಲ್ಲ. ಆ ಕೊಠಡಿಯಲ್ಲಿ ಕುಳಿತವರಿಗೆ ಬೇರೇನು ಹೇಳುವ ಸ್ವಾತಂತ್ರ್ಯವಿತ್ತು? ಆ ವರ್ಷವೇ ಅವನಿಗೆ ಸೋವಿಯತ್ ಒಕ್ಕೂಟದ ಜನತಾ ಕಲಾವಿದನೆಂಬ ಬಿರುದು ದೊರೆಯಿತು. ಮರುವರ್ಷ ಐಸೆನ್‌ಸ್ಟೈನನು ತೀರಿಕೊಂಡನು, ತಿದ್ದುಪಡಿ ನಡೆಯಲಿಲ್ಲ. 1958ರಲ್ಲಿ ಚಿತ್ರ ಹೊರಬಂದಾಗ ಆ ಚಂಚಲಚಿತ್ತದ ಇವಾನನೇ ಉಳಿದುಬಂದಿದ್ದನು. ಐಸೆನ್‌ಸ್ಟೈನನು ತನ್ನ ಮೈಯನ್ನು ಅಸಹಜ ಭಂಗಿಗಳಿಗೆ ಬಗ್ಗಿಸಿದನೆಂದು ನಟನು ತನ್ನ ಬರಹದಲ್ಲಿ ದೂರಿದ್ದಾನೆ. ಈ ಮಾತನ್ನು ನಾನು ಒಪ್ಪಲಾರೆ. ಕತ್ತು ಚಾಚಿ, ಬೆನ್ನು ಬಾಗಿಸಿ, ತನ್ನ ನೆರಳಿಗೆ ತಾನೇ ಬೆದರುವಂತಿರುವ ಆ ಭಂಗಿಗಳಲ್ಲಿಯೇ ಅಧಿಕಾರದ ಒಂಟಿತನವೂ ರೋಗವೂ ವ್ಯಕ್ತವಾಗಿವೆ.

1950–51ರಲ್ಲಿ ಅವನು ಪುಡೊವ್ಕಿನ್‌ನೊಡನೆ ಭಾರತಕ್ಕೂ ಬಂದಿದ್ದನು; ನಮ್ಮವರು ಸತ್ಕರಿಸಿದ್ದು ಪದಕದ ಮುಖವನ್ನೆಂದೇ ತೋರುತ್ತದೆ.

ಕೊಝಿಂತ್ಸೆವ್‌ನ 1957ರ ‘ಡಾನ್ ಕ್ವಿಕ್ಸೋಟ್’ ಅವನ ಪರಮಸಿದ್ಧಿ. ತಾರುಣ್ಯದಲ್ಲಿ ಮಕ್ಕಳ ರಂಗಭೂಮಿಯಲ್ಲಿಯೂ 1941ರಲ್ಲಿ ಬುಲ್ಗಾಕೊವನ ನಾಟಕದಲ್ಲಿಯೂ ಅದೇ ಪಾತ್ರವನ್ನು ಆಡಿದ್ದವನಿಗೆ ಈಗ ಐವತ್ತು ದಾಟಿತ್ತು. ಡ್ಯೂಕನ ಆಸ್ಥಾನದಲ್ಲಿ ಎಲ್ಲರೂ ನಗುತ್ತಾರೆ. ನಗೆಗೀಡಾದ ಆ ನೀಳಕಾಯ ಮಾತ್ರ ಶಿಷ್ಟಾಚಾರ ತಪ್ಪದೆ ನಿಂತಿರುತ್ತದೆ. ಪ್ಯಾಟ್ ಆಗಿ ಕುಣಿದ ಕಾಲುಗಳೇ ಅವು; ಆದರೆ ನೋಡುವ ನಮಗೆ ನಗೆ ಬಾರದು.